ಹಗುರ ಪಿಸ್ತೂಲಿನ ಭಾರೀ ಒದೆತ

ಬೇಸಿಗೆ ರಜೆ ಬಂತೆಂದರೆ ಅಮೆರಿಕದ ಕನ್ನಡಿಗರು ಗುಂಪುಗುಂಪಾಗಿ ಬೆಟ್ಟಗಳ ಕಡೆ ಹೊರಡುತ್ತಾರೆ. ಮೊಂಟಾನಾದ ಗ್ಲೇಸಿಯರ್, ವಯೋಮಿಂಗ್‌ನ ಯೆಲ್ಲೊಸ್ಟೋನ್, ಇನ್ನೂ ಹುರುಪಿದ್ದರೆ ಅಲಾಸ್ಕಾದ ಡೆನಾಲಿ. ಕಾಲುದಾರಿ ಶುರುವಾಗುವಲ್ಲಿ ಕರಡಿಯ ಚಿತ್ರವಿರುವ ಎಚ್ಚರಿಕೆ ಫಲಕ ಕಂಡ ಮೇಲೆ ಮನೆಮಂದಿಯ ಮಾತೆಲ್ಲ ಒಂದೇ ಕಡೆ ತಿರುಗುತ್ತದೆ: ಕೈಯಲ್ಲಿ ಏನಾದರೂ ಇರಬೇಕಿತ್ತು. ಊರಿಗೆ ಮರಳಿದವರು ಬಂದೂಕಿನ ಅಂಗಡಿಗೆ ಹೋಗುತ್ತಾರೆ. ಗಾಜಿನ ಪೆಟ್ಟಿಗೆಯೊಳಗೆ ಸಾಲಾಗಿ ಮಲಗಿರುವ ಪಿಸ್ತೂಲುಗಳ ನಡುವೆ ಯಾವುದು ಬೇಕೆಂದು ಗೊತ್ತಾಗದೆ ನಿಂತಾಗ ಮಾರುವವನು ಅತ್ಯಂತ ಚಿಕ್ಕದನ್ನು ಎತ್ತಿ ಅಂಗೈಗೆ ಇಡುತ್ತಾನೆ. ಮೊಬೈಲ್ ಫೋನಿಗಿಂತ ಸ್ವಲ್ಪ ಹೆಚ್ಚು ತೂಕ, ಅಷ್ಟೆ. 'ಬೆಟ್ಟ ಹತ್ತುವವರಿಗೆ ಹಗುರವಾದದ್ದೇ ಒಳ್ಳೆಯದಲ್ಲವೇ?' ಎಂಬ ಮಾತು ಕೇಳಲು ನ್ಯಾಯವಾಗಿಯೇ ಇರುತ್ತದೆ.

ಅರ್ಧ ನ್ಯಾಯ. ಹೊರುವಾಗ ಹಗುರವಾಗಿರುವುದು ಹಾರಿಸುವಾಗ ಅಷ್ಟೇ ಕಾಡುತ್ತದೆ. ಈ ಲೇಖನದಲ್ಲಿ ನಾನು ಹೇಳಬೇಕಾದದ್ದು ಮುಖ್ಯವಾಗಿ ಇದನ್ನೇ. ಆದರೆ ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ ಇದೆ. ಅದನ್ನು ಬಿಟ್ಟು ಮುಂದೆ ಹೋದವರು ಕರಡಿಯಿಂದ ಪಾರಾಗಿ ವಕೀಲರ ಕೈಗೆ ಸಿಕ್ಕಾರು.

ಮೊದಲು ನಿಮ್ಮ ವೀಸಾ ನೋಡಿಕೊಳ್ಳಿ

ನೀವು ಎಚ್-1ಬಿ, ಎಚ್-4, ಎಲ್-1, ಎಫ್-1 ಅಥವಾ ಪ್ರವಾಸಿ ವೀಸಾದಲ್ಲಿದ್ದೀರಾ? ಹಾಗಿದ್ದರೆ ಬಂದೂಕಾಗಲಿ ತೋಟಾ ಆಗಲಿ ನಿಮ್ಮ ವಶದಲ್ಲಿರುವುದನ್ನೇ ಅಮೆರಿಕದ ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಕೊಳ್ಳುವುದು ಮಾತ್ರ ತಪ್ಪು, ಗೆಳೆಯನದ್ದನ್ನು ಹಿಡಿದರೆ ಪರವಾಗಿಲ್ಲ ಎಂದುಕೊಳ್ಳಬೇಡಿ. ಗುಂಡು ಹಾರಿಸುವ ರೇಂಜಿನಲ್ಲಿ ಬಾಡಿಗೆಗೆ ಪಡೆದು ಹಿಡಿಯುವುದೂ 'ವಶ'ದ ಲೆಕ್ಕಕ್ಕೇ ಬರುತ್ತದೆ. ಇದಕ್ಕೆ ಕೆಲವು ವಿನಾಯಿತಿಗಳಿವೆ. ಯಾವುದಾದರೊಂದು ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ ಇರುವುದು ಅವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು. ಆದರೆ ಪರವಾನಗಿಯ ಅವಧಿ ಮುಗಿದ ದಿನ ವಿನಾಯಿತಿಯೂ ಮುಗಿಯುತ್ತದೆ. ಬಂದೂಕಿಗೆ ಸಂಬಂಧಿಸಿದ ಅಪರಾಧ ಸಾಬೀತಾದರೆ ಶಿಕ್ಷೆಯ ಜೊತೆಗೆ ಗಡಿಪಾರೂ ಆಗಬಹುದು. ವರ್ಷಗಟ್ಟಲೆ ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತವರು ಒಂದು ಪಿಸ್ತೂಲಿಗಾಗಿ ಅದನ್ನು ಪಣಕ್ಕಿಡುವುದು ಜಾಣತನವಲ್ಲ ಎಂಬುದು ನನ್ನ ಅಭಿಪ್ರಾಯ. ಇಂಥವರು ಕರಡಿ ಸ್ಪ್ರೇ ಕೊಂಡುಕೊಂಡು ನೆಮ್ಮದಿಯಾಗಿರಬಹುದು. ಆ ವಿಷಯಕ್ಕೆ ಮುಂದೆ ಬರುತ್ತೇನೆ. ವಿನಾಯಿತಿಯನ್ನೇ ನಂಬಿ ಹೋಗುವವರು ಮೊದಲು ವಲಸೆ ಕಾನೂನು ಬಲ್ಲ ವಕೀಲರ ಬಳಿ ಕುಳಿತು ಮಾತಾಡಲಿ. ಮನೆಯಲ್ಲಿ ಒಬ್ಬರಿಗೆ ಗ್ರೀನ್ ಕಾರ್ಡ್ ಇದ್ದು ಇನ್ನೊಬ್ಬರು ವೀಸಾದಲ್ಲಿದ್ದರೆ ಪಿಸ್ತೂಲಿನ ಪೆಟ್ಟಿಗೆಯ ಕೀಲಿ ಯಾರ ಕೈಯಲ್ಲಿರಬೇಕು ಎಂಬುದನ್ನೂ ಅವರಲ್ಲೇ ಕೇಳಬೇಕು.

ಗ್ರೀನ್ ಕಾರ್ಡ್ ಇರುವವರು ಮತ್ತು ನಾಗರಿಕರು ಕೊಳ್ಳಬಹುದು. ಪರವಾನಗಿ ಪಡೆದ ಅಂಗಡಿಯಿಂದ ಪಿಸ್ತೂಲು ಕೊಳ್ಳಲು 21 ವರ್ಷ ತುಂಬಿರಬೇಕು, ತಾವು ವಾಸಿಸುವ ರಾಜ್ಯದಲ್ಲೇ ಕೊಳ್ಳಬೇಕು, 4473 ಎಂಬ ನಮೂನೆ ತುಂಬಿ ಹಿನ್ನೆಲೆ ತಪಾಸಣೆಗೆ ಒಳಪಡಬೇಕು. ಆ ನಮೂನೆಯಲ್ಲಿ ಗಾಂಜಾ ಸೇವನೆಯ ಬಗ್ಗೆಯೂ ಪ್ರಶ್ನೆಯಿದೆ. ಕೊಲರಾಡೊದಂಥ ರಾಜ್ಯದಲ್ಲಿ ಗಾಂಜಾ ಅಂಗಡಿಯಲ್ಲೇ ಸಿಕ್ಕರೂ ಫೆಡರಲ್ ಕಾನೂನಿನ ಕಣ್ಣಲ್ಲಿ ಅದು ಅಡ್ಡಿಯೇ.

ರಾಜ್ಯದಿಂದ ರಾಜ್ಯಕ್ಕೆ ನಿಯಮ ಬದಲಾಗುತ್ತದೆ. ಅಲಾಸ್ಕಾ, ವಯೋಮಿಂಗ್, ಮೊಂಟಾನಾಗಳಲ್ಲಿ ಅರ್ಹರಾದವರು ಪಿಸ್ತೂಲು ಹೊರಲು ಪ್ರತ್ಯೇಕ ಪರವಾನಗಿ ಬೇಕಿಲ್ಲ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿಗಳಲ್ಲಿ ಕತೆ ಪೂರಾ ಬೇರೆ. ಮ್ಯಾಗಜಿನ್‌ನಲ್ಲಿ ಎಷ್ಟು ತೋಟಾ ಇರಬಹುದು ಎಂಬುದಕ್ಕೂ ಅಲ್ಲಿ ಮಿತಿಯಿದೆ. ರಾಷ್ಟ್ರೀಯ ಉದ್ಯಾನಗಳಲ್ಲಿ 2010ರ ಫೆಬ್ರುವರಿಯಿಂದ ಆಯಾ ರಾಜ್ಯದ ಕಾನೂನಿಗೆ ಅನುಸಾರವಾಗಿ ಬಂದೂಕು ಇಟ್ಟುಕೊಳ್ಳಬಹುದು. ಆದರೆ ಉದ್ಯಾನದ ಮಾಹಿತಿ ಕೇಂದ್ರ, ಕಚೇರಿಗಳಂಥ ಫೆಡರಲ್ ಕಟ್ಟಡಗಳೊಳಗೆ ಒಯ್ಯುವಂತಿಲ್ಲ. ಗ್ಲೇಸಿಯರ್‌ಗೆ ಹೋದವರು 'ಇಲ್ಲೇ ಪಕ್ಕದಲ್ಲಿದೆ' ಎಂದು ಗಡಿ ದಾಟಿ ಕೆನಡಾದ ವಾಟರ್ಟನ್ ನೋಡಲು ಹೊರಡುವುದುಂಟು. ಪಿಸ್ತೂಲು ಜೊತೆಗಿದ್ದರೆ ಆ ಯೋಚನೆಯನ್ನೇ ಬಿಡಿ. ಕೆನಡಾದ ಪಿಸ್ತೂಲು ಕಾನೂನು ತೀರಾ ಕಟ್ಟುನಿಟ್ಟು.

ಹಗುರವಾದದ್ದು ಯಾಕೆ ಹೆಚ್ಚು ಒದೆಯುತ್ತದೆ

ಕೊಡಗು, ಮಲೆನಾಡಿನ ಮನೆಗಳಲ್ಲಿ ಕೋವಿ ಹಿಡಿದು ಬೆಳೆದವರಿಗೆ ಒದೆತ ಎಂದರೇನೆಂದು ಹೇಳಿಕೊಡಬೇಕಿಲ್ಲ. ಆದರೆ ಕೋವಿಗೆ ಭುಜದ ಆಸರೆಯಿರುತ್ತದೆ, ಮೂರು ಕೆ.ಜಿ. ತೂಕವೂ ಇರುತ್ತದೆ. ಪಿಸ್ತೂಲಿಗೆ ಎರಡೂ ಇಲ್ಲ. ಒದೆತವನ್ನೆಲ್ಲ ಮಣಿಕಟ್ಟೇ ತಿನ್ನಬೇಕು.

ಲೆಕ್ಕ ಶಾಲೆಯಲ್ಲಿ ಕಲಿತದ್ದೇ. 9 ಮಿ.ಮೀ. ಗುಂಡು ಸುಮಾರು 8 ಗ್ರಾಂ ತೂಗುತ್ತದೆ, ಸೆಕೆಂಡಿಗೆ 350 ಮೀಟರ್ ವೇಗದಲ್ಲಿ ನಳಿಗೆ ಬಿಡುತ್ತದೆ. ಗುಂಡು ಮುಂದಕ್ಕೆ ಒಯ್ಯುವಷ್ಟೇ ಆವೇಗ ಪಿಸ್ತೂಲಿಗೆ ಹಿಂದಕ್ಕೆ ಸಿಗಬೇಕು. ಮದ್ದಿನ ಅನಿಲದ ಪಾಲನ್ನು ಬಿಟ್ಟು ನೋಡಿದರೂ ಒಂದು ಕೆ.ಜಿ.ಯ ಪಿಸ್ತೂಲು ಸೆಕೆಂಡಿಗೆ 2.8 ಮೀಟರ್ ವೇಗದಲ್ಲಿ ಹಿಂದಕ್ಕೆ ಬರುತ್ತದೆ; ಅದರಲ್ಲಿರುವ ಶಕ್ತಿ ಸುಮಾರು 4 ಜೂಲ್. ಅದೇ ತೋಟಾವನ್ನು ಅರ್ಧ ಕೆ.ಜಿ.ಯ ಪಿಸ್ತೂಲಿನಿಂದ ಹಾರಿಸಿ: ವೇಗ 5.6 ಮೀಟರ್, ಶಕ್ತಿ ಸುಮಾರು 8 ಜೂಲ್. ತೂಕ ಅರ್ಧಕ್ಕಿಳಿದರೆ ಒದೆತದ ಶಕ್ತಿ ಇಮ್ಮಡಿ. ಈಗ 10 ಮಿ.ಮೀ.ನ 13 ಗ್ರಾಂ ಗುಂಡನ್ನು ಸೆಕೆಂಡಿಗೆ 370 ಮೀಟರ್ ವೇಗದಲ್ಲಿ ಕಳಿಸಿ. ಒಂದು ಕೆ.ಜಿ.ಯ ಪಿಸ್ತೂಲಿನಲ್ಲೂ ಒದೆತ 11 ಜೂಲ್ ದಾಟುತ್ತದೆ. ಅಂದರೆ ಅದೇ ತೂಕದ 9 ಮಿ.ಮೀ.ನ ಹತ್ತಿರಹತ್ತಿರ ಮೂರು ಪಟ್ಟು.

ಒದೆತದಿಂದ ಕೈ ನೋಯುವುದು ಸಣ್ಣ ಮಾತು. ನಳಿಗೆಯ ಮೂತಿ ಮೇಲಕ್ಕೆ ಹಾರಿ, ಮತ್ತೆ ಗುರಿಗೆ ಇಳಿಯುವವರೆಗೆ ಎರಡನೇ ಗುಂಡು ಕಾಯಬೇಕಾಗುವುದು ದೊಡ್ಡ ಮಾತು. ಇನ್ನೂ ಕೆಟ್ಟದ್ದೆಂದರೆ, ಒದೆತಕ್ಕೆ ಹೆದರಿದ ಕೈ ಟ್ರಿಗರ್ ಎಳೆಯುವ ಕ್ಷಣಕ್ಕೇ ಮುಂಚಿತವಾಗಿ ಬೆಚ್ಚಿ ಮೂತಿಯನ್ನು ಕೆಳಕ್ಕೆ ಒತ್ತುತ್ತದೆ. ಗುಂಡು ನೆಲಕ್ಕೆ ಹೋಗುತ್ತದೆ. ಈ ಬೆಚ್ಚುವ ಚಾಳಿ ಒಮ್ಮೆ ಅಂಟಿದರೆ ಬಿಡಿಸುವುದು ಕಷ್ಟ. ಅಂಟಿಕೊಳ್ಳುವುದು ಹೆಚ್ಚಾಗಿ ಹಗುರ ಪಿಸ್ತೂಲಿನಿಂದಲೇ.

ಅರೆ-ಸ್ವಯಂಚಾಲಿತ ಪಿಸ್ತೂಲಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಒದೆತದ ಬಲದಿಂದಲೇ ಸ್ಲೈಡ್ ಹಿಂದಕ್ಕೆ ಸರಿದು ಖಾಲಿ ತೋಟಾವನ್ನು ಎಸೆಯುತ್ತದೆ, ಸ್ಪ್ರಿಂಗಿನ ಬಲದಿಂದ ಮುಂದಕ್ಕೆ ಬರುತ್ತ ಮ್ಯಾಗಜಿನ್‌ನಿಂದ ಹೊಸದನ್ನು ತಳ್ಳಿಕೊಳ್ಳುತ್ತದೆ. ಇದು ಸರಿಯಾಗಿ ನಡೆಯಬೇಕಾದರೆ ಪಿಸ್ತೂಲಿನ ಕೆಳಭಾಗ ಅಲ್ಲಾಡದೆ ನಿಂತಿರಬೇಕು, ಅಂದರೆ ಹಿಡಿತ ಬಿಗಿಯಾಗಿರಬೇಕು. ಮಣಿಕಟ್ಟು ಸಡಿಲವಾದರೆ ಇಡೀ ಪಿಸ್ತೂಲೇ ಹಿಂದಕ್ಕೆ ಸರಿದು, ಸ್ಲೈಡಿಗೆ ಸಾಕಷ್ಟು ಓಟ ಸಿಗದೆ ತೋಟಾ ಸಿಕ್ಕಿಕೊಳ್ಳುತ್ತದೆ. ಭಾರದ ಪಿಸ್ತೂಲು ಈ ತಪ್ಪನ್ನು ಸ್ವಲ್ಪ ಮಟ್ಟಿಗೆ ಕ್ಷಮಿಸುತ್ತದೆ. ಚಿಕ್ಕದು ಕ್ಷಮಿಸುವುದಿಲ್ಲ: ಅದರ ಸ್ಲೈಡ್ ಗಿಡ್ಡ, ಸ್ಪ್ರಿಂಗ್ ಗಟ್ಟಿ, ಹಿಡಿಗೆ ಕಿರುಬೆರಳು ಎಟುಕುವುದೇ ಇಲ್ಲ. ಬೆವರಿದ ಕೈ, ಚಳಿಗೆ ಮರಗಟ್ಟಿದ ಬೆರಳು, ಏರು ಹತ್ತಿ ಎದೆ ಡವಗುಟ್ಟುವ ಹೊತ್ತು ಇವೆಲ್ಲ ಸೇರಿದಾಗ ಏನಾಗುತ್ತದೆಂದು ಊಹಿಸಿಕೊಳ್ಳಿ.

ಕ್ಯಾಲಿಬರ್‌ಗಳ ಕಿರುಪರಿಚಯ

ಇಂದು ಅಂಗಡಿಯಲ್ಲಿ ಸಿಗುವ ಮುಖ್ಯ ಕ್ಯಾಲಿಬರ್‌ಗಳು ಬಹುತೇಕ ಹಳೆಯವೇ. ಜಾರ್ಜ್ ಲೂಗರ್ 9 ಮಿ.ಮೀ. ತೋಟಾ ರೂಪಿಸಿದ್ದು 20ನೇ ಶತಮಾನದ ಆರಂಭದಲ್ಲಿ. ಜಾನ್ ಬ್ರೌನಿಂಗ್ ವಿನ್ಯಾಸದ .45 ಎಸಿಪಿ ಮತ್ತು .380 ಎಸಿಪಿ ಕೂಡ ಅದೇ ದಶಕದವು. 10 ಮಿ.ಮೀ. ಆಟೋ ಬಂದದ್ದು 1983ರಲ್ಲಿ, ಅದನ್ನೇ ಮೊಟಕುಗೊಳಿಸಿದ .40 ಎಸ್ ಆ್ಯಂಡ್ ಡಬ್ಲ್ಯು 1990ರಲ್ಲಿ.

ಸಾಧಾರಣ ತೋಟಾಗಳ ಶಕ್ತಿ ಸುಮಾರಾಗಿ ಹೀಗಿದೆ: .380ಗೆ 260 ಜೂಲ್, 9 ಮಿ.ಮೀ. ಮತ್ತು .45ಕ್ಕೆ 500ರ ಆಸುಪಾಸು, .40ಗೆ 540, ಪೂರ್ಣ ಬಲದ 10 ಮಿ.ಮೀ.ಗೆ 890. ಈ ಅಂಕಿಗಳನ್ನು ಕಂಡು ಮರುಳಾಗಬೇಡಿ. ಮೃಗದ ಮುಂದೆ ಜೂಲ್‌ಗಿಂತ ಮುಖ್ಯವಾದದ್ದು ಗುಂಡು ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದು. ಮನುಷ್ಯರಿಂದ ರಕ್ಷಣೆಗೆಂದು ಮಾರುವ ಟೊಳ್ಳುಮೂತಿಯ ಗುಂಡು ಮೈ ಹೊಕ್ಕ ಕೂಡಲೇ ಅರಳಿ ಬೇಗ ನಿಲ್ಲುತ್ತದೆ. ಹಿಂದಿರುವವರಿಗೆ ತಗುಲದಿರಲೆಂದೇ ಆ ವಿನ್ಯಾಸ. ದಪ್ಪ ಚರ್ಮ, ಕೊಬ್ಬು, ಸ್ನಾಯು, ಮೂಳೆ ದಾಟಬೇಕಾದ ಕಡೆ ಅದೇ ಗುಣ ದೋಷವಾಗುತ್ತದೆ. ಅಲ್ಲಿ ಬೇಕಾದದ್ದು ಅರಳದ, ಚಪ್ಪಟೆ ಮೂತಿಯ, ಭಾರದ, ಗಟ್ಟಿ ಗುಂಡು.

ಆದ್ದರಿಂದ 'ಯಾವ ಕ್ಯಾಲಿಬರ್?' ಎಂಬ ಪ್ರಶ್ನೆಗೆ 'ಯಾವ ಕಾಡು?' ಎಂಬ ಮರುಪ್ರಶ್ನೆಯೇ ಉತ್ತರ. ಕ್ಯಾಲಿಫೋರ್ನಿಯಾದ ಬಾವುಟದಲ್ಲಿ ಗ್ರಿಜ್ಲಿ ಕರಡಿ ಇದೆ, ಕಾಡಿನಲ್ಲಿ ಇಲ್ಲ. ಅಲ್ಲಿ ಅದು ಅಳಿದು ನೂರು ವರ್ಷವಾಯಿತು. ಕೊಲರಾಡೊದಲ್ಲೂ ಇಲ್ಲ. ಅಲಾಸ್ಕಾ ಬಿಟ್ಟರೆ ಮೊಂಟಾನಾ, ವಯೋಮಿಂಗ್, ಐಡಹೊ ಮತ್ತು ವಾಷಿಂಗ್ಟನ್ ರಾಜ್ಯದ ಒಂದು ಮೂಲೆಯಲ್ಲಷ್ಟೇ ಗ್ರಿಜ್ಲಿ ಉಳಿದಿರುವುದು. ಉಳಿದ ಬಹುತೇಕ ಬೆಟ್ಟಗಳಲ್ಲಿ ಇರುವುದು ಕಪ್ಪು ಕರಡಿ ಮತ್ತು ಪ್ಯೂಮಾ. ಇವು ಗದ್ದಲಕ್ಕೇ ಹೆದರಿ ದೂರ ಸರಿಯುವುದು ಹೆಚ್ಚು. ಮೂಸ್ ಎದುರಾದರೆ ದಪ್ಪ ಮರದ ಹಿಂದಕ್ಕೆ ಓಡುವುದೇ ಮದ್ದು. ಹಾವಿಗೆ ಪಿಸ್ತೂಲು ಬೇಡವೇ ಬೇಡ, ಎರಡು ಹೆಜ್ಜೆ ಹಿಂದೆ ಸರಿದರೆ ಸಾಕು.

ಸ್ಪ್ರೇ ಮೊದಲು, ಪಿಸ್ತೂಲು ಆಮೇಲೆ

ಅಲಾಸ್ಕಾದ ಕರಡಿ ಮುಖಾಮುಖಿಗಳ ಬಗ್ಗೆ ಟಾಮ್ ಸ್ಮಿತ್, ಸ್ಟೀಫನ್ ಹೆರೆರೊ ಮತ್ತಿತರ ತಜ್ಞರು ಎರಡು ಅಧ್ಯಯನ ಮಾಡಿದ್ದಾರೆ. 2008ರದ್ದು ಸ್ಪ್ರೇ ಕುರಿತದ್ದು: ಕಂದು ಕರಡಿಯ ವಿರುದ್ಧ ಬಳಸಿದಾಗ ನೂರರಲ್ಲಿ 92 ಸಲ ಅದು ಕರಡಿಯನ್ನು ತಡೆದಿತ್ತು, ಸ್ಪ್ರೇ ಹೊತ್ತವರಲ್ಲಿ ಶೇ 98ರಷ್ಟು ಜನಕ್ಕೆ ಗಾಯವಾಗಿರಲಿಲ್ಲ. 2012ರದ್ದು ಬಂದೂಕಿನ ಕುರಿತದ್ದು: ಪಿಸ್ತೂಲು, ರಿವಾಲ್ವರ್‌ಗಳು ಶೇ 84ರಷ್ಟು ಸಲ ಫಲ ಕೊಟ್ಟಿದ್ದವು. ಎರಡೂ ಅಧ್ಯಯನಗಳ ಪ್ರಕರಣಗಳು ಒಂದೇ ಬಗೆಯವಲ್ಲ. ಬಂದೂಕಿನ ಪಟ್ಟಿಯಲ್ಲಿ ಮೇಲೆರಗಿದ ಕರಡಿಗಳು ಹೆಚ್ಚು, ಸ್ಪ್ರೇ ಪಟ್ಟಿಯಲ್ಲಿ ಕುತೂಹಲಕ್ಕೆ ಹತ್ತಿರ ಬಂದವೂ ಸೇರಿವೆ ಎಂಬ ಟೀಕೆಯಿದೆ, ಅದರಲ್ಲಿ ಹುರುಳೂ ಇದೆ. ಹಾಗಾಗಿ 92 ದೊಡ್ಡದೋ 84 ದೊಡ್ಡದೋ ಎಂದು ಪಂದ್ಯ ಕಟ್ಟುವುದರಲ್ಲಿ ಅರ್ಥವಿಲ್ಲ.

ನಾನು ಸ್ಪ್ರೇ ಮೊದಲು ಎನ್ನುವುದಕ್ಕೆ ಕಾರಣ ಬೇರೆ. ಗ್ರಿಜ್ಲಿ ಗಂಟೆಗೆ 50 ಕಿ.ಮೀ. ಮೀರಿ ಓಡಬಲ್ಲದು. 30 ಮೀಟರ್ ದೂರದಲ್ಲಿ ಕಂಡರೆ ನಿಮ್ಮ ಬಳಿ ಇರುವುದು ಎರಡು ಸೆಕೆಂಡು. ಅಷ್ಟರಲ್ಲಿ ಪಿಸ್ತೂಲು ಎಳೆದು, ಕುಪ್ಪಳಿಸುತ್ತ ಬರುವ ತಲೆಗೋ ಎದೆಗೋ ಗುಂಡು ಕೂರಿಸುವುದು ವರ್ಷಗಟ್ಟಲೆ ಅಭ್ಯಾಸ ಮಾಡಿದವರಿಗೂ ಕಷ್ಟ. ಸ್ಪ್ರೇ ಏಳೆಂಟು ಮೀಟರ್ ದೂರಕ್ಕೆ ಖಾರದ ಮೋಡವನ್ನೇ ಹರಡುತ್ತದೆ. ಅದಕ್ಕೆ ಅಷ್ಟು ನಿಖರ ಗುರಿ ಬೇಕಿಲ್ಲ. ಗಾಳಿ ಎದುರಿಗಿದ್ದರೆ ನಿಮ್ಮ ಕಣ್ಣೂ ಉರಿಯುತ್ತದೆ, ನಿಜ. ಯೊಸೆಮಿಟಿಯಂಥ ಕೆಲವು ಉದ್ಯಾನಗಳಲ್ಲಿ ಕರಡಿ ಸ್ಪ್ರೇಗೆ ಅನುಮತಿಯೇ ಇಲ್ಲ ಎಂಬುದೂ ಗೊತ್ತಿರಲಿ.

ಆಯ್ಕೆ: ಹಂತಹಂತವಾಗಿ

1. ಸೀಮೆ ಗುರುತಿಸಿ. ಗ್ರಿಜ್ಲಿ ಇಲ್ಲದ ಕಡೆ ನಡೆಯುವವರಿಗೆ 9 ಮಿ.ಮೀ. ಸಾಕು. ಒದೆತ ಹಿಡಿತಕ್ಕೆ ಸಿಗುತ್ತದೆ, ತೋಟಾ ಅಗ್ಗ, ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಆದ್ದರಿಂದ ಅಭ್ಯಾಸ ಹೆಚ್ಚಾಗುತ್ತದೆ. ಗ್ರಿಜ್ಲಿ ಸೀಮೆಗೆ ಪದೇಪದೇ ಹೋಗುವವರು, ಅದೂ ತಿಂಗಳಿಗೊಮ್ಮೆಯಾದರೂ ರೇಂಜಿಗೆ ಹೋಗುವವರು ಮಾತ್ರ 10 ಮಿ.ಮೀ. ಯೋಚಿಸಲಿ. ಗ್ರೀನ್‌ಲ್ಯಾಂಡಿನಲ್ಲಿ ಹಿಮಕರಡಿಗಳ ನಡುವೆ ಗಸ್ತು ತಿರುಗುವ ಡೆನ್ಮಾರ್ಕಿನ ಸಿರಿಯಸ್ ದಳದವರು ಸೊಂಟಕ್ಕೆ ಕಟ್ಟಿಕೊಳ್ಳುವುದು 10 ಮಿ.ಮೀ.ನ ಗ್ಲಾಕ್ 20. ಆದರೆ ಅವರು ಸೈನಿಕರು, ಜೊತೆಗೆ ರೈಫಲ್ಲೂ ಇರುತ್ತದೆ. 2016ರಲ್ಲಿ ಅಲಾಸ್ಕಾದ ಅನುಭವಿ ಮಾರ್ಗದರ್ಶಿಯೊಬ್ಬರು 9 ಮಿ.ಮೀ.ನಲ್ಲೇ, ಗಟ್ಟಿ ಗುಂಡು ಬಳಸಿ, ಮೇಲೆ ಬಂದ ಗ್ರಿಜ್ಲಿಯನ್ನು ಕೆಡವಿದ್ದರು. ಅದನ್ನು ಹಿಡಿದು 9 ಸಾಕೇ ಸಾಕು ಎನ್ನುವವರಿದ್ದಾರೆ. ಸಾಕಾದದ್ದು ಆ ಕೈಗೆ.

2. .380ಯನ್ನು ಈ ಕೆಲಸದಿಂದ ದೂರವಿಡಿ. ರುಗರ್ ಎಲ್‌ಸಿಪಿಯಂಥ 270 ಗ್ರಾಂನ ಪಿಸ್ತೂಲು ಕಿಸೆಗೆ ಸರಿ, ಕಾಡಿಗೆ ಅಲ್ಲ. .45 ಹಾರಿಸಿ ರೂಢಿಯಿರುವವರು ಅದನ್ನೇ ಒಯ್ಯಲಿ, ಹೊಸಬರು ಕೊಳ್ಳಲು ಕಾರಣವಿಲ್ಲ. .40ರ ಒದೆತ ಚುರುಕು, ಲಾಭ ಅಲ್ಪ.

3. ಖಾಲಿ ತೂಕ ನೋಡಬೇಡಿ, ತುಂಬಿದ ತೂಕ ನೋಡಿ. ಸಿಗ್ ಪಿ365 ಖಾಲಿಯಿದ್ದಾಗ ಸುಮಾರು 500 ಗ್ರಾಂ, ಮ್ಯಾಗಜಿನ್‌ನಲ್ಲಿ 10 ತೋಟಾ. ಗ್ಲಾಕ್ 19 ಖಾಲಿ ಮ್ಯಾಗಜಿನ್ ಸಮೇತ 670 ಗ್ರಾಂನಷ್ಟು, 15 ತೋಟಾ. ಗ್ಲಾಕ್ 20 ಪೂರ್ತಿ ತುಂಬಿದರೆ 1.1 ಕೆ.ಜಿ. ಮುಟ್ಟುತ್ತದೆ, ಅಂದರೆ ಒಂದು ಲೀಟರ್ ನೀರಿಗಿಂತ ಹೆಚ್ಚು. 9 ಮಿ.ಮೀ. ಕೊಳ್ಳುವ ಬಹುಪಾಲು ಜನರಿಗೆ ನಾನು ಸೂಚಿಸುವುದು 600ರಿಂದ 700 ಗ್ರಾಂನ ನಡುವಿನ ಗಾತ್ರವನ್ನು. ಇನ್ನೂರು ಗ್ರಾಂ ಉಳಿಸಲೇಬೇಕೆಂದರೆ ಚೀಲದಲ್ಲಿ ಬೇರೆ ಏನನ್ನಾದರೂ ತೆಗೆಯಿರಿ; ಕ್ಯಾಮೆರಾದ ಎರಡನೇ ಲೆನ್ಸ್‌ನಿಂದ ಶುರು ಮಾಡಬಹುದು.

4. ಕೈಗೆ ಕೂರುತ್ತದೆಯೇ ನೋಡಿ. ಮೂರು ಬೆರಳೂ ಹಿಡಿಯ ಮೇಲೆ ಕೂರಬೇಕು. ತೋರುಬೆರಳು ಎಳೆದಾಡದೆ ಟ್ರಿಗರ್ ಮುಟ್ಟಬೇಕು. ಸ್ಲೈಡನ್ನು ಹತ್ತು ಸಲ ಸತತವಾಗಿ, ಸಾಧ್ಯವಾದರೆ ಚಳಿಯ ಕೈಗವಸು ಹಾಕಿಯೂ ಎಳೆದು ನೋಡಿ. ಬೆರಳಿನ ಬಲ ಕಡಿಮೆಯಿರುವವರಿಗೆ ಸ್ಮಿತ್ ಆ್ಯಂಡ್ ವೆಸನ್‌ನ ಷೀಲ್ಡ್ ಈಝೀ ಥರದ, ಸ್ಲೈಡ್ ಸಲೀಸಾಗಿ ಸರಿಯುವ ಮಾದರಿಗಳಿವೆ. ಅಂಗಡಿಯಲ್ಲಿ ಕೈಗೆತ್ತಿಕೊಳ್ಳುವ ಮುನ್ನ ಖಾಲಿಯಿದೆಯೇ ಎಂದು ನೀವೇ ನೋಡಿ ಖಾತ್ರಿ ಮಾಡಿಕೊಳ್ಳಿ, ಮಾರುವವನು ಆಗಲೇ ನೋಡಿದ್ದರೂ.

5. ಬಾಡಿಗೆಗೆ ಪಡೆದು ಹಾರಿಸಿ. ದೊಡ್ಡ ಊರುಗಳ ರೇಂಜುಗಳಲ್ಲಿ ಬೇರೆಬೇರೆ ಮಾದರಿಗಳು ಬಾಡಿಗೆಗೆ ಸಿಗುತ್ತವೆ. ನನ್ನ ಅಳತೆಗೋಲು ಸರಳ: ಏಳು ಮೀಟರ್ ದೂರದಲ್ಲಿ ಊಟದ ತಟ್ಟೆಯಗಲದ ಗುರಿ, ಐದು ಸೆಕೆಂಡಿನಲ್ಲಿ ಐದು ಗುಂಡು, ಐದೂ ತಟ್ಟೆಯೊಳಗೆ. ಯಾವ ಕ್ಯಾಲಿಬರ್‌ನಲ್ಲಿ ಇದು ಸಾಧ್ಯವೋ ಅದೇ ನಿಮ್ಮ ಗರಿಷ್ಠ ಕ್ಯಾಲಿಬರ್. 10 ಮಿ.ಮೀ.ನಲ್ಲಿ ಎರಡೇ ಒಳಗೆ ಬಿದ್ದು 9ರಲ್ಲಿ ಐದೂ ಬಿದ್ದರೆ ಚರ್ಚೆ ಅಲ್ಲಿಗೆ ಮುಗಿಯಿತು.

6. ಕಾಡಿಗೆ ಒಯ್ಯುವ ತೋಟಾವನ್ನೇ ಪರೀಕ್ಷಿಸಿ. ಅಭ್ಯಾಸಕ್ಕೆ ಅಗ್ಗದ್ದು ಬಳಸಿ, ಅಡ್ಡಿಯಿಲ್ಲ. ಆದರೆ ಒಯ್ಯುವ ಗಟ್ಟಿ ಗುಂಡಿನ ತೋಟಾ ಎರಡು ಮೂರು ಮ್ಯಾಗಜಿನ್‌ನಷ್ಟಾದರೂ ಒಮ್ಮೆಯೂ ಸಿಕ್ಕಿಕೊಳ್ಳದೆ ಹಾರಬೇಕು. ಚಪ್ಪಟೆ ಮೂತಿಯ ಗುಂಡು ಕೆಲವು ಪಿಸ್ತೂಲುಗಳ ಚೇಂಬರ್‌ಗೆ ನುಣ್ಣಗೆ ಏರುವುದಿಲ್ಲ. ಇನ್ನೊಂದು ಎಚ್ಚರ: ತನ್ನ ನಳಿಗೆಗಳಿಗೆ ಕವಚವಿಲ್ಲದ ಬರಿ ಸೀಸದ ಗುಂಡು ಬೇಡವೆಂದು ಗ್ಲಾಕ್ ಕಂಪನಿಯೇ ಹೇಳುತ್ತದೆ. ಅಂಥ ನಳಿಗೆಯಿದ್ದರೆ ತಾಮ್ರದ ಕವಚವಿರುವ ಅಥವಾ ಪೂರ್ತಿ ತಾಮ್ರದ ಗಟ್ಟಿ ಗುಂಡು ಆರಿಸಿ.

ರಿವಾಲ್ವರ್ ಯಾಕೆ ಬೇಡ ಎಂದು ಕೇಳುವವರಿದ್ದಾರೆ. ಬೇಡವೆಂದಿಲ್ಲ. ಮೈಮೇಲೆ ಬಿದ್ದ ಪ್ರಾಣಿಯ ಮೈಗೆ ಮೂತಿ ಒತ್ತಿ ಹಾರಿಸಬೇಕಾಗಿ ಬಂದರೆ ಅರೆ-ಸ್ವಯಂಚಾಲಿತ ಪಿಸ್ತೂಲಿನ ಸ್ಲೈಡ್ ಹಿಂದಕ್ಕೆ ಸರಿದು ಗುಂಡು ಹಾರದೆ ಹೋಗಬಹುದು. ರಿವಾಲ್ವರ್‌ಗೆ ಆ ತೊಂದರೆಯಿಲ್ಲ. ಆದರೆ ಅಲ್ಲೂ ಹಗುರದ ಮೋಹ ಕಾಡುತ್ತದೆ. ಸ್ಮಿತ್ ಆ್ಯಂಡ್ ವೆಸನ್‌ನ 329ಪಿಡಿ ಎಂಬ .44 ಮ್ಯಾಗ್ನಂ ರಿವಾಲ್ವರ್ ತೂಗುವುದು 710 ಗ್ರಾಂನಷ್ಟು. ಹೊರಲು ಬಲು ಸುಖ. ಪೂರ್ಣ ಬಲದ ತೋಟಾ ಹಾಕಿ ಹಾರಿಸಿದವರಲ್ಲಿ ಅನೇಕರು ಎರಡನೆಯದಕ್ಕೆ ಕೈ ಹಾಕುವುದಿಲ್ಲ.

ಎಲ್ಲಿ ಕಟ್ಟಿಕೊಳ್ಳಬೇಕು

ನಗರದಲ್ಲಿ ಸೊಂಟಕ್ಕೆ ಕಟ್ಟುವವರು ಬೆಟ್ಟದಲ್ಲೂ ಹಾಗೇ ಮಾಡಲು ಹೋಗಿ ಸೋಲುತ್ತಾರೆ. ಬೆನ್ನುಚೀಲದ ಸೊಂಟಪಟ್ಟಿ ಸರಿಯಾಗಿ ಅದೇ ಜಾಗದಲ್ಲಿ ಕೂರುತ್ತದೆ. ಆಮೇಲೆ ಪಿಸ್ತೂಲು ಚೀಲದೊಳಗೆ ಸೇರುತ್ತದೆ, ತಿಂಡಿ ಪೊಟ್ಟಣದ ಅಡಿಗೆ. ಅಲ್ಲಿದ್ದರೆ ಇಲ್ಲದಂತೆಯೇ.

ಎದೆಯ ಮೇಲೆ ಓರೆಯಾಗಿ ಕೂರುವ ಹೋಲ್‌ಸ್ಟರ್ ಕಾಡಿಗೆ ಹೇಳಿ ಮಾಡಿಸಿದ್ದು. ಚೀಲದ ಪಟ್ಟಿಗೆ ತಾಗುವುದಿಲ್ಲ, ಕುಳಿತರೂ ಹೊಳೆ ದಾಟಿದರೂ ಕೈಗೆ ಸಿಗುತ್ತದೆ. ಹೋಲ್‌ಸ್ಟರ್ ಗಟ್ಟಿಯಾಗಿರಬೇಕು, ಟ್ರಿಗರ್ ಪೂರ್ತಿ ಮುಚ್ಚಿರಬೇಕು, ಬಿದ್ದರೂ ಪಿಸ್ತೂಲು ಜಾರದಂತೆ ಹಿಡಿದಿರಬೇಕು. ಅದರೊಳಗೆ ಮರಳಿ ಇಡುವಾಗ ಕಣ್ಣಿಟ್ಟು ನೋಡುತ್ತ ನಿಧಾನವಾಗಿ ಇಡಿ. ಜಾಕೆಟ್ಟಿನ ದಾರವೋ ಅಂಗಿಯ ಅಂಚೋ ಟ್ರಿಗರ್‌ಗೆ ಸಿಕ್ಕಿ ಗುಂಡು ಹಾರುವ ಅವಘಡಗಳು ಆಗುವುದು ಹೊರಗೆ ಎಳೆಯುವಾಗಲ್ಲ, ಒಳಗಿಡುವಾಗ. ಸ್ಪ್ರೇಯನ್ನು ಇನ್ನೊಂದು ಬದಿಗೆ ಕಟ್ಟಿ, ಯಾವ ಕೈಗೆ ಯಾವುದು ಎಂಬುದು ಯೋಚಿಸದೆ ನೆನಪಿಗೆ ಬರುವಷ್ಟು ಅಭ್ಯಾಸವಾಗಲಿ.

ಚೇಂಬರಿನಲ್ಲಿ ತೋಟಾ ಇಟ್ಟುಕೊಳ್ಳಬೇಕೆ? ಎರಡು ಸೆಕೆಂಡಿನಲ್ಲಿ ಸ್ಲೈಡ್ ಎಳೆಯಲು ಸಮಯ ಸಿಗುವುದಿಲ್ಲ ಎನ್ನುವವರ ವಾದ ಸರಿ. ಆದರೆ ಗಟ್ಟಿ ಹೋಲ್‌ಸ್ಟರ್, ಬೀಳಿಸಿದರೂ ಹಾರದ ಆಧುನಿಕ ಪಿಸ್ತೂಲು, ತರಬೇತಿ ಪಡೆದ ಕೈ ಮೂರೂ ಇದ್ದಾಗ ಮಾತ್ರ. ಮೂರರಲ್ಲಿ ಒಂದು ಇಲ್ಲದಿದ್ದರೂ ಖಾಲಿ ಚೇಂಬರೇ ಲೇಸು.

ಸಾಮಾನ್ಯವಾಗಿ ಆಗುವ ತಪ್ಪುಗಳು

ಮನೆಯಲ್ಲಿ ಇಬ್ಬರಿಗೆ ಸೇರಿ ಒಂದೇ ಪಿಸ್ತೂಲು ಕೊಂಡು ಒಬ್ಬರೇ ಹಾರಿಸಿ ನೋಡುವುದು. 'ಹೆಂಗಸರಿಗೆ ಚಿಕ್ಕದು' ಎಂಬ ಮಾರಾಟದ ಮಾತನ್ನು ನಂಬುವುದು. ಚಿಕ್ಕ ಕೈಗೆ ಅರ್ಧ ಕೆ.ಜಿ.ಯ ಪಿಸ್ತೂಲಿನ ಒದೆತ ಕಡಿಮೆಯಾಗಿ ತಟ್ಟುವುದಿಲ್ಲ.

ಪಿಸ್ತೂಲಿಗೆ ದಪ್ಪ ಎಣ್ಣೆ ಸುರಿಯುವುದು ಇನ್ನೊಂದು. ಅಲಾಸ್ಕಾದ ಚಳಿಯಲ್ಲಿ ಅದು ಗಟ್ಟಿಯಾಗಿ ಸ್ಲೈಡನ್ನು ಎಳೆದು ಹಿಡಿಯುತ್ತದೆ, ಅರಿಜೋನಾದ ಧೂಳಿನಲ್ಲಿ ಮರಳಿನೊಡನೆ ಬೆರೆತು ಅರೆಯುತ್ತದೆ. ತೆಳು ಎಣ್ಣೆಯ ಒಂದೆರಡು ಹನಿ ಸಾಕು.

ಕಿವಿಯನ್ನು ಮರೆಯುವುದು. ಪಿಸ್ತೂಲಿನ ಸದ್ದು 160 ಡೆಸಿಬೆಲ್ ಆಸುಪಾಸಿನದು. ರೇಂಜಿನಲ್ಲಿ ಕಿವಿ, ಕಣ್ಣಿನ ರಕ್ಷಣೆಯಿಲ್ಲದೆ ಒಂದು ಗುಂಡೂ ಹಾರಿಸಬೇಡಿ. ಎಚ್ಚರಿಕೆಗೆಂದು ಗಾಳಿಯಲ್ಲಿ ಗುಂಡು ಹಾರಿಸುವುದೂ ತಪ್ಪು. ಮೇಲೆ ಹೋದದ್ದು ಎಲ್ಲೋ ಇಳಿಯಲೇಬೇಕು, ಉದ್ಯಾನದೊಳಗೆ ಕಾರಣವಿಲ್ಲದೆ ಹಾರಿಸುವುದು ಅಪರಾಧವೂ ಹೌದು.

ಎಲ್ಲಕ್ಕಿಂತ ದೊಡ್ಡ ತಪ್ಪು, ಕೊಂಡ ಮೇಲೆ ಪೆಟ್ಟಿಗೆಯಲ್ಲಿಟ್ಟು ಬೇಸಿಗೆಗೊಮ್ಮೆ ತೆಗೆಯುವುದು. ಪಿಸ್ತೂಲಿಗೆ ಕೊಟ್ಟಷ್ಟೇ ಹಣವನ್ನು ತರಬೇತಿಗೂ ತೋಟಾಗೂ ತೆಗೆದಿಡಲಾಗದಿದ್ದರೆ ಪಿಸ್ತೂಲೂ ಬೇಡ. ಮಕ್ಕಳಿರುವ ಮನೆಯಲ್ಲಿ ಬೀಗವಿರುವ ಪೆಟ್ಟಿಗೆ ಆಯ್ಕೆಯ ವಿಷಯವಲ್ಲ. ಡೇರೆಯೊಳಗೂ ಕಾರಿನೊಳಗೂ ಅದೇ ನಿಯಮ. ಕಾಲುದಾರಿಯ ಬುಡದಲ್ಲಿ ನಿಲ್ಲಿಸಿದ ಕಾರುಗಳ ಗಾಜು ಒಡೆಯುವವರಿದ್ದಾರೆ, ಅದಕ್ಕೆ ಪೆಟ್ಟಿಗೆಯನ್ನು ಸೀಟಿನ ಕಂಬಿಗೆ ತಂತಿಯಿಂದ ಬಿಗಿಯಿರಿ.

ಅಭ್ಯಾಸವಾದ ಮೇಲೆ ಇದೇ ಪಿಸ್ತೂಲನ್ನು ಊರಿಗೆ ತರಬಹುದೇ ಎಂದು ಕೇಳುವವರೂ ಇದ್ದಾರೆ. ಬೇಡ. ಭಾರತದಲ್ಲಿ 9 ಮಿ.ಮೀ. ಸಾಮಾನ್ಯ ನಾಗರಿಕರಿಗೆ ನಿಷೇಧಿತ ಬೋರ್. ಪರವಾನಗಿ ಮೇಲೆ ಸಿಗುವುದು .32ರಂಥವು. ಜಮ್ಮಾ ಹಿಡುವಳಿದಾರರಿಗೂ ಕೊಡವರಿಗೂ ಪರವಾನಗಿಯಿಂದ ಇರುವ ವಿನಾಯಿತಿ ಅವರ ಸಾಂಪ್ರದಾಯಿಕ ಕೋವಿಗಳ ಮಾತು. ಬಂಡೀಪುರ, ನಾಗರಹೊಳೆಯಂಥ ರಕ್ಷಿತಾರಣ್ಯಗಳೊಳಗೆ ಆಯುಧ ಒಯ್ಯಲು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಮುಖ್ಯ ವನ್ಯಜೀವಿ ಪಾಲಕರ ಲಿಖಿತ ಅನುಮತಿ ಬೇಕು.

ಗುಂಡು ಹಾರಿದ ಮೇಲೆ, ವಿಮಾನ ಹತ್ತುವ ಮುನ್ನ

ಅಲಾಸ್ಕಾ ಬಿಟ್ಟು ಅಮೆರಿಕದ ಮುಖ್ಯ ಭೂಭಾಗದಲ್ಲಿ ಗ್ರಿಜ್ಲಿ 1975ರಿಂದ ಅಪಾಯದಂಚಿನ ಪ್ರಾಣಿಗಳ ಪಟ್ಟಿಯಲ್ಲಿದೆ. ಪ್ರಾಣರಕ್ಷಣೆಗೆ ಕೊಲ್ಲಬೇಕಾಗಿ ಬಂದರೆ ಕಾನೂನು ಒಪ್ಪುತ್ತದೆ, ಆದರೆ ತಡಮಾಡದೆ ಅಧಿಕಾರಿಗಳಿಗೆ ತಿಳಿಸಬೇಕು, ತನಿಖೆಯೂ ನಡೆಯುತ್ತದೆ. ಜಾಗವನ್ನು ಕದಲಿಸಬೇಡಿ, ಗಾಯಗೊಂಡ ಕರಡಿಯನ್ನು ಅರಸಿಕೊಂಡು ಪೊದೆಯೊಳಗೆ ಹೋಗಬೇಡಿ. ಅಲಾಸ್ಕಾದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ: ಕೊಂದವರೇ ಚರ್ಮ ಸುಲಿದು, ತಲೆಬುರುಡೆ ಬಿಡಿಸಿ, ಎರಡನ್ನೂ ಮೀನು-ಬೇಟೆ ಇಲಾಖೆಗೆ ಒಪ್ಪಿಸಿ ಲಿಖಿತ ವರದಿ ಕೊಡಬೇಕು.

ವಿಮಾನದಲ್ಲಿ ಹೋಗುವವರು ಪಿಸ್ತೂಲನ್ನು ಖಾಲಿ ಮಾಡಿ, ಗಟ್ಟಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಕೌಂಟರಿನಲ್ಲಿ ಘೋಷಿಸಿ ಚೆಕ್-ಇನ್ ಸಾಮಾನಿಗೆ ಹಾಕಬೇಕು. ಕೈಚೀಲದಲ್ಲಿ ಮರೆತ ಒಂದೇ ಒಂದು ತೋಟಾ ಕೂಡ ತಪಾಸಣೆಯಲ್ಲಿ ಸಿಕ್ಕಿಬೀಳುತ್ತದೆ, ಆದ್ದರಿಂದ ರೇಂಜಿಗೆ ಒಯ್ಯುವ ಚೀಲವನ್ನು ಪ್ರಯಾಣಕ್ಕೆ ಬಳಸಬೇಡಿ. ಕರಡಿ ಸ್ಪ್ರೇಯನ್ನು ಮಾತ್ರ ಕೈಸಾಮಾನಿನಲ್ಲೂ ಒಯ್ಯುವಂತಿಲ್ಲ, ಚೆಕ್-ಇನ್‌ನಲ್ಲೂ ಹಾಕುವಂತಿಲ್ಲ. ಇಳಿದ ಊರಿನ ಅಂಗಡಿಯಲ್ಲೇ ಕೊಳ್ಳಿ, ಡಬ್ಬಿಯ ಮೇಲಿನ ಅವಧಿ ದಿನಾಂಕ ನೋಡಿ, ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ. ವಾಪಸು ಹೊರಡುವಾಗ ಡಬ್ಬಿ ಉಳಿದಿದ್ದರೆ ಅದೇ ದಿನ ದಾರಿ ಹಿಡಿಯುತ್ತಿರುವ ಬೇರೆ ಚಾರಣಿಗರಿಗೆ ಕೊಟ್ಟುಬಿಡಿ.